ಒಂಟಿ ಈಸ್ಟ್ರೋಜನ್: ಎಲ್ಲ ಎಚ್ಚರಿಕೆ ಹೋದರೂ ಒಂದು ಯಾಕೆ ಉಳಿಯಿತು?

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ನವೆಂಬರ್‌ನಲ್ಲಿ ಒಂದು ದೊಡ್ಡ ತೀರ್ಮಾನ ಪ್ರಕಟಿಸಿತು. ಮುಟ್ಟು ನಿಂತ ಹೆಂಗಸರಿಗೆ ಕೊಡುವ ಹಾರ್ಮೋನ್ ಔಷಧಗಳ ಡಬ್ಬಿಯೊಳಗಿನ ಚೀಟಿಯಲ್ಲಿ ಎರಡು ದಶಕಕ್ಕೂ ಜಾಸ್ತಿ ಕಾಲದಿಂದ ಕಪ್ಪು ಚೌಕಟ್ಟಿನ ಎಚ್ಚರಿಕೆ ಇತ್ತು. ಹೃದಯದ ಕಾಯಿಲೆ, ಸ್ತನ ಕ್ಯಾನ್ಸರ್, ಮರೆವಿನ ಕಾಯಿಲೆ, ಹೀಗೆ ಹಲವು ಭಯಗಳು ಅದರಲ್ಲಿದ್ದವು. ಅವನ್ನು ಚೌಕಟ್ಟಿನಿಂದ ತೆಗೆಯುವ ಕೆಲಸ ಶುರು ಮಾಡುತ್ತೇವೆ ಎಂದು ಸಂಸ್ಥೆ ಹೇಳಿತು. ಸುದ್ದಿ ಎಲ್ಲ ಕಡೆ ಓಡಿತು. ನಮ್ಮ ಫೋನುಗಳಿಗೂ ರೀಲ್ಸ್ ರೂಪದಲ್ಲಿ ಬಂತು. "ಹಾರ್ಮೋನ್‌ಗೆ ಇನ್ನು ಭಯ ಬೇಡ" ಅನ್ನುವ ಧಾಟಿಯಲ್ಲಿ.

ಆದರೆ ಅದೇ ಘೋಷಣೆಯಲ್ಲಿ ಇನ್ನೊಂದು ಸಾಲು ಇತ್ತು. ಅದು ಅಷ್ಟಾಗಿ ಯಾರ ಕಣ್ಣಿಗೂ ಬೀಳಲಿಲ್ಲ. ಬರೀ ಈಸ್ಟ್ರೋಜನ್ ಎಂಬ ಹಾರ್ಮೋನ್ ಇರುವ, ಇಡೀ ದೇಹಕ್ಕೆ ಹರಡುವ ಔಷಧಗಳ ಮೇಲೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಬಗ್ಗೆ ಇರುವ ಎಚ್ಚರಿಕೆಯನ್ನು ಮಾತ್ರ ತೆಗೆಯುವುದಿಲ್ಲ.

ಇಷ್ಟೆಲ್ಲ ಅಳಿಸುವಾಗ ಅದೊಂದನ್ನು ಯಾಕೆ ಉಳಿಸಿದರು? ಮಿಕ್ಕ ಎಚ್ಚರಿಕೆಗಳಿಗೆ ಆಧಾರವಾಗಿದ್ದದ್ದು ಅಂಕಿ ಅಂಶಗಳು. ವಯಸ್ಸು ಬದಲಾದರೆ, ಔಷಧ ಬದಲಾದರೆ ಅವುಗಳ ಅರ್ಥವೂ ಬದಲಾಗುತ್ತದೆ, ಅದರ ಬಗ್ಗೆ ವಾದ ಮಾಡಬಹುದು. ಇದೊಂದು ಹಾಗಲ್ಲ. ಇದರ ಹಿಂದೆ ಅಂಕಿ ಅಂಶದ ಜೊತೆಗೆ ಗರ್ಭಕೋಶದ ಒಳಪದರ ಕೆಲಸ ಮಾಡುವ ರೀತಿಯೇ ಇದೆ. ಪಿಸಿಓಡಿ (ಅಂಡಾಣು ಸರಿಯಾಗಿ ಬಿಡುಗಡೆಯಾಗದೆ ಮುಟ್ಟು ತಪ್ಪುವ ತೊಂದರೆ) ಇರುವ ಇಪ್ಪತ್ತರ ಹುಡುಗಿಗೂ, ನಲವತ್ತೈದರಲ್ಲಿ ಅತಿಯಾಗಿ ರಕ್ತ ಹೋಗುವ ಹೆಂಗಸಿಗೂ, ಹಬ್ಬಕ್ಕೆಂದು ಮುಟ್ಟು ಮುಂದೂಡುವ ಮಾತ್ರೆ ನುಂಗುವವರಿಗೂ ಸಂಬಂಧಿಸಿದ್ದು ಇದೇ ವಿಷಯ.

ಎರಡು ಹಾರ್ಮೋನು, ಒಂದು ಪದರ

ವೈದ್ಯರು ಎಂಡೋಮೆಟ್ರಿಯಂ ಎಂದು ಕರೆಯುವ ಈ ಒಳಪದರ ಎರಡು ಅಂತಸ್ತಿನದು. ಕೆಳಗಿನದು ತೆಳು, ಯಾವಾಗಲೂ ಉಳಿಯುವಂಥದ್ದು. ಮೇಲಿನದು ಪ್ರತಿ ತಿಂಗಳು ಬೆಳೆದು ಕಳಚಿಹೋಗುವಂಥದ್ದು. ಮುಟ್ಟು ಮುಗಿದಾಗ ಪದರ ಬರೀ ಕೆಲವು ಮಿಲಿಮೀಟರ್ ಇರುತ್ತದೆ. ಅಂಡಾಣು ಬಿಡುಗಡೆಯಾಗುವ ಹೊತ್ತಿಗೆ ಹತ್ತು ಮಿಲಿಮೀಟರ್ ಹತ್ತಿರ ಬರುತ್ತದೆ. ತಿಂಗಳ ಕೊನೆಯ ಭಾಗದಲ್ಲಿ ಹದಿನೈದರವರೆಗೂ ಹೋಗಬಹುದು. ದೊಡ್ಡವರ ದೇಹದಲ್ಲಿ ಇಷ್ಟು ಬೇಗ ಬೆಳೆದು, ಉದುರಿ, ಕಲೆ ಉಳಿಸದೆ ಮತ್ತೆ ಬೆಳೆಯುವ ಭಾಗ ಬೇರೆ ಇಲ್ಲ ಅಂದರೂ ತಪ್ಪಿಲ್ಲ. ಒಬ್ಬ ಹೆಂಗಸಿನ ಬದುಕಿನಲ್ಲಿ ಇದು ಸುಮಾರು 400 ಸಲ ನಡೆಯುತ್ತದೆ.

ಬೆಳೆಸುವುದು ಈಸ್ಟ್ರೋಜನ್. ತಿಂಗಳ ಮೊದಲ ಅರ್ಧದಲ್ಲಿ ಅಂಡಾಶಯದಲ್ಲಿ ಬಲಿಯುವ ಕೋಶಿಕೆ ಇದನ್ನು ಸುರಿಸುತ್ತದೆ. ಅಂಡಾಣು ಹೊರಬಂದ ಮೇಲೆ ಅದೇ ಕೋಶಿಕೆಯ ಉಳಿಕೆ ಹಳದಿ ಬಣ್ಣಕ್ಕೆ ತಿರುಗಿ ಪ್ರೊಜೆಸ್ಟರಾನ್ ಮಾಡಲು ಶುರು ಮಾಡುತ್ತದೆ. ಇದರ ಆಯುಷ್ಯ ಎರಡು ವಾರ. ಗರ್ಭ ನಿಂತರೆ ಮುಂದುವರಿಯುತ್ತದೆ, ಇಲ್ಲದಿದ್ದರೆ ಒಣಗುತ್ತದೆ. ಪ್ರೊಜೆಸ್ಟರಾನ್ ಇಳಿದ ಕೂಡಲೇ ಪದರ ಕುಸಿಯುತ್ತದೆ. ಅದೇ ಮುಟ್ಟು.

ಇಲ್ಲಿ ಒಂದು ಮಾತು ನೆನಪಿಡಬೇಕು. ಅಂಡಾಣು ಬಿಡುಗಡೆ ಆಗದಿದ್ದರೆ ಆ ಹಳದಿ ಗಂಟು ಇಲ್ಲ. ಅದಿಲ್ಲದಿದ್ದರೆ ಪ್ರೊಜೆಸ್ಟರಾನ್ ಇಲ್ಲ. ಈಸ್ಟ್ರೋಜನ್ ಮಾತ್ರ ಇದ್ದೇ ಇರುತ್ತದೆ. ಮುಂದೆ ಬರುವ ಬಹುಪಾಲು ತೊಂದರೆಗಳ ಬೇರು ಇದೇ.

ಮುಟ್ಟಿಗೆ ಕಾರಣ ಹಾರ್ಮೋನ್ ಇಳಿಯುವುದು ಎಂಬುದನ್ನು ಕಣ್ಣಾರೆ ನೋಡಿದವರಿದ್ದಾರೆ. ಅಮೆರಿಕದ ಮಾರ್ಕಿ ಎಂಬ ವಿಜ್ಞಾನಿ ರೀಸಸ್ ಕೋತಿಗಳ ಗರ್ಭಕೋಶದ ಒಳಪದರದ ಚೂರುಗಳನ್ನು ಅದೇ ಕೋತಿಗಳ ಕಣ್ಣಿನ ಮುಂಭಾಗದಲ್ಲಿ ನೆಟ್ಟರು. ಪಾರದರ್ಶಕ ಕಣ್ಣಿನೊಳಗೆ ಆ ಚೂರು ಬೆಳೆಯುವುದು, ರಕ್ತನಾಳಗಳು ಸುರುಳಿ ಸುತ್ತಿ ಬಿಗಿಯುವುದು, ಆಮೇಲೆ ರಕ್ತ ಒಸರುವುದು, ಎಲ್ಲವೂ ಕಂಡಿತು. 1940ರಲ್ಲಿ ಅವರು ಇದನ್ನು ಪ್ರಕಟಿಸಿದರು. ಈಗ ಓದಿದರೆ ಮೈ ಜುಂ ಅನ್ನುತ್ತದೆ. ಆ ಕೋತಿಗಳ ಪಾಡನ್ನು ನೆನೆದರೆ ಬೇಜಾರೂ ಆಗುತ್ತದೆ. ಆದರೆ ಮುಟ್ಟಿನ ಹೊತ್ತಿಗೆ ಒಳಗೆ ಏನಾಗುತ್ತದೆ ಎಂಬ ನಮ್ಮ ತಿಳಿವಳಿಕೆಯಲ್ಲಿ ದೊಡ್ಡ ಪಾಲು ಅಲ್ಲಿಂದಲೇ ಬಂದದ್ದು.

ಆಜ್ಞೆ ಕೇಳುವವರು ಒಬ್ಬರು, ಬೆಳೆಯುವವರು ಇನ್ನೊಬ್ಬರು

ಈಸ್ಟ್ರೋಜನ್ ಜೀವಕೋಶಗಳನ್ನು ಹೇಗೆ ಬೆಳೆಸುತ್ತದೆ? ತುಂಬಾ ಕಾಲ ಎಲ್ಲರೂ ನಂಬಿದ್ದ ಉತ್ತರ ಸರಳವಾಗಿತ್ತು. ಹಾರ್ಮೋನ್ ಬಂದು, ಅದನ್ನು ಹಿಡಿಯಲೆಂದೇ ಜೀವಕೋಶದೊಳಗಿರುವ ರಿಸೆಪ್ಟರ್‌ಗೆ ಅಂಟಿಕೊಳ್ಳುತ್ತದೆ, ಅದು ಡಿಎನ್‌ಎ ಹತ್ತಿರ ಹೋಗಿ ಬೆಳವಣಿಗೆಯ ಜೀನ್‌ಗಳನ್ನು ಎಬ್ಬಿಸುತ್ತದೆ, ಕೋಶ ಇಬ್ಭಾಗವಾಗುತ್ತದೆ. ಇದು ಸುಳ್ಳಲ್ಲ. ಆದರೆ ಗರ್ಭಕೋಶದಲ್ಲಿ ಕಥೆ ಇಷ್ಟು ನೇರವಾಗಿಲ್ಲ.

ಒಳಪದರದಲ್ಲಿ ಮುಖ್ಯವಾಗಿ ಎರಡು ಬಗೆಯ ಕೋಶಗಳಿವೆ. ಮೇಲ್ಮೈಯನ್ನೂ ಅಲ್ಲಿನ ಗ್ರಂಥಿಗಳನ್ನೂ ಮುಚ್ಚಿರುವ ಹೊದಿಕೆಯ ಕೋಶಗಳು ಒಂದು ಬಗೆ. ಅವುಗಳ ಕೆಳಗೆ, ಸುತ್ತ ಇರುವ ಸ್ಟ್ರೋಮಾ ಕೋಶಗಳು ಇನ್ನೊಂದು. ಈಸ್ಟ್ರೋಜನ್ ಬಂದಾಗ ಭರದಿಂದ ಹೆಚ್ಚುವುದು ಹೊದಿಕೆಯ ಕೋಶಗಳು. ಈ ಪದರದ ಕ್ಯಾನ್ಸರ್ ಬಹುತೇಕ ಶುರುವಾಗುವುದೂ ಅವುಗಳಲ್ಲೇ. ಹಾಗಾದರೆ ಹಾರ್ಮೋನಿನ ಮಾತು ಕೇಳುವುದೂ ಅವೇ ಇರಬೇಕು ಅಲ್ವಾ?

1997ರಲ್ಲಿ ಪಾಲ್ ಕುಕ್, ಜೆರಾಲ್ಡ್ ಕುನ್ಹಾ ಮತ್ತು ಜೊತೆಗಾರರು ಇದನ್ನು ಪರೀಕ್ಷಿಸಿದರು. ಈಸ್ಟ್ರೋಜನ್ ರಿಸೆಪ್ಟರ್ ಇಲ್ಲದ ಇಲಿಗಳು ಅವರ ಬಳಿ ಇದ್ದವು. ಆ ಇಲಿಗಳ ಮತ್ತು ಸಾಮಾನ್ಯ ಇಲಿಗಳ ಗರ್ಭಕೋಶದಿಂದ ಹೊದಿಕೆಯನ್ನೂ ಸ್ಟ್ರೋಮಾವನ್ನೂ ಬೇರೆ ಬೇರೆ ಮಾಡಿದರು. ಮತ್ತೆ ಅದಲು ಬದಲಾಗಿ ಜೋಡಿಸಿದರು. ರಿಸೆಪ್ಟರ್ ಇರುವ ಹೊದಿಕೆಗೆ ಇಲ್ಲದ ಸ್ಟ್ರೋಮಾ, ಇಲ್ಲದ ಹೊದಿಕೆಗೆ ಇರುವ ಸ್ಟ್ರೋಮಾ, ಹೀಗೆ ನಾಲ್ಕು ಜೋಡಿ. ಇವನ್ನು ಬೇರೆ ಇಲಿಗಳ ದೇಹದಲ್ಲಿ ಬೆಳೆಸಿ ಈಸ್ಟ್ರೋಜನ್ ಕೊಟ್ಟರು.

ಫಲಿತಾಂಶ ತಲೆಕೆಳಗಾಗಿತ್ತು. ಹೊದಿಕೆಯ ಕೋಶಗಳಲ್ಲಿ ರಿಸೆಪ್ಟರ್ ಇದೆಯೋ ಇಲ್ಲವೋ ಎಂಬುದು ಲೆಕ್ಕಕ್ಕೇ ಬರಲಿಲ್ಲ. ಕೆಳಗಿನ ಸ್ಟ್ರೋಮಾದಲ್ಲಿ ರಿಸೆಪ್ಟರ್ ಇದ್ದರೆ ಹೊದಿಕೆ ಬೆಳೆಯಿತು, ಇಲ್ಲದಿದ್ದರೆ ಬೆಳೆಯಲಿಲ್ಲ. ಅಂದರೆ ಈಸ್ಟ್ರೋಜನ್ ಆಜ್ಞೆ ಕೊಡುವುದು ಸ್ಟ್ರೋಮಾಗೆ. ಸ್ಟ್ರೋಮಾ ಐಜಿಎಫ್-1ನಂಥ ಬೆಳವಣಿಗೆಯ ಪ್ರೋಟೀನ್‌ಗಳನ್ನು ಮಾಡಿ ನೆರೆಯ ಹೊದಿಕೆಗೆ ಕಳಿಸುತ್ತದೆ. ಹೊದಿಕೆ ಆ ಎರಡನೇ ಸಂದೇಶಕ್ಕೆ ಓಗೊಟ್ಟು ಹೆಚ್ಚುತ್ತದೆ.

ಪ್ರೊಜೆಸ್ಟರಾನ್ ಕೂಡ ಇದೇ ದಾರಿ ಹಿಡಿಯುತ್ತದೆ. ಇದನ್ನು ತೋರಿಸಿದವರು ಇಲಿನಾಯ್ ವಿಶ್ವವಿದ್ಯಾಲಯದ ಇಂದ್ರಾಣಿ ಬಾಗ್ಚಿ, ಮಿಲನ್ ಬಾಗ್ಚಿ ಅವರ ತಂಡ. ಪ್ರೊಜೆಸ್ಟರಾನ್ ಬಂದಾಗ ಸ್ಟ್ರೋಮಾದಲ್ಲಿ ಹ್ಯಾಂಡ್-2 ಎಂಬ ಜೀನ್ ಎಚ್ಚರಗೊಳ್ಳುತ್ತದೆ. ಅದು ಹೊದಿಕೆಗೆ ಹೋಗುತ್ತಿದ್ದ ಬೆಳವಣಿಗೆಯ ಸಂದೇಶಗಳಲ್ಲಿ ಒಂದು ಗುಂಪನ್ನು ಅಲ್ಲೇ ನಿಲ್ಲಿಸುತ್ತದೆ. ಗರ್ಭಕೋಶದಲ್ಲಿ ಆ ಜೀನ್ ಇಲ್ಲದಂತೆ ಮಾಡಿದ ಇಲಿಗಳಲ್ಲಿ ಪ್ರೊಜೆಸ್ಟರಾನ್ ಇದ್ದರೂ ಹೊದಿಕೆ ಬೆಳೆಯುತ್ತಲೇ ಹೋಯಿತು. ಭ್ರೂಣ ಅಂಟಿಕೊಳ್ಳಲಿಲ್ಲ. ಇದು 2011ರ ಮಾತು. ಎರಡು ವರ್ಷದ ನಂತರ ಇನ್ನೊಂದು ತಂಡ, ಹೆಂಗಸರ ಗರ್ಭಕೋಶದ ಒಳಪದರದ ಕ್ಯಾನ್ಸರ್‌ನಲ್ಲಿ ಇದೇ ಹ್ಯಾಂಡ್-2 ಬಾಯಿ ಮುಚ್ಚಿಕೊಂಡಿರುವುದನ್ನು ಕಂಡಿತು. ಜೀನ್ ಒಡೆದಿರಲಿಲ್ಲ. ಅದರ ಮೇಲೆ ರಾಸಾಯನಿಕ ಮುದ್ರೆ ಬಿದ್ದು ಅದು ಓದಲಾಗದಂತೆ ಆಗಿತ್ತು.

ಪ್ರೊಜೆಸ್ಟರಾನ್ ಇಷ್ಟಕ್ಕೇ ನಿಲ್ಲುವುದಿಲ್ಲ. ಈಸ್ಟ್ರೋಜನ್ ರಿಸೆಪ್ಟರ್‌ಗಳ ಸಂಖ್ಯೆಯನ್ನೇ ಇಳಿಸುತ್ತದೆ. ಪದರದೊಳಗಿನ ಚುರುಕು ಈಸ್ಟ್ರೋಜನ್ ಅನ್ನು ಮಂದ ರೂಪಕ್ಕೆ ಬದಲಿಸುವ ಕಿಣ್ವವನ್ನು ಹೆಚ್ಚಿಸುತ್ತದೆ. ಸ್ಟ್ರೋಮಾ ಕೋಶಗಳನ್ನು ಉಬ್ಬಿಸಿ ಭ್ರೂಣಕ್ಕೆ ಹಾಸಿಗೆ ಸಿದ್ಧ ಮಾಡುತ್ತದೆ. ಮನುಷ್ಯರಲ್ಲಿ ಈ ಕೊನೆಯ ಕೆಲಸ ಭ್ರೂಣ ಬರಲಿ ಬಿಡಲಿ ತಿಂಗಳು ತಿಂಗಳೂ ನಡೆಯುತ್ತದೆ. ಬೇರೆ ಹೆಚ್ಚಿನ ಪ್ರಾಣಿಗಳಲ್ಲಿ ಭ್ರೂಣ ಬಂದ ಮೇಲಷ್ಟೇ. ಮುಟ್ಟಾಗುವ ಪ್ರಾಣಿಗಳು ಅಷ್ಟು ಕಮ್ಮಿ ಇರುವುದಕ್ಕೆ ಇದೇ ಕಾರಣ: ನಾವು, ಕೆಲವು ಕೋತಿ ವಾನರಗಳು, ಒಂದಷ್ಟು ಬಾವಲಿಗಳು, ಇನ್ನೊಂದೆರಡು ಪುಟ್ಟ ಪ್ರಾಣಿಗಳು.

ಇನ್ನೂ ಒಂದು ತಿರುವು ಇದೆ. ಪ್ರೊಜೆಸ್ಟರಾನ್ ರಿಸೆಪ್ಟರ್‌ಗಳನ್ನು ಹುಟ್ಟಿಸುವುದೇ ಈಸ್ಟ್ರೋಜನ್. ಅದು ಮೊದಲು ಬಂದು ಪದರವನ್ನು ಹದ ಮಾಡದಿದ್ದರೆ ಪ್ರೊಜೆಸ್ಟರಾನ್‌ಗೆ ಅಲ್ಲಿ ಹೆಚ್ಚು ಕೆಲಸವಿಲ್ಲ. ಹಾಲು ಕಾಯಿಸದೆ ಹೆಪ್ಪು ಹಾಕಿದ ಹಾಗೆ. ಹಾಗಾಗಿ ಈ ಎರಡನ್ನು ಒಂದು ಒಳ್ಳೆಯದು ಒಂದು ಕೆಟ್ಟದ್ದು ಎಂದು ನೋಡುವುದು ದಡ್ಡತನ. ತನ್ನನ್ನು ತಡೆಯುವವರನ್ನು ಈಸ್ಟ್ರೋಜನ್ ತಾನೇ ಕರೆಯುತ್ತದೆ. ಕರೆದಾಗ ಯಾರೂ ಬಾರದಿದ್ದರೆ ತೊಂದರೆ.

ಹಬ್ಬದ ಮಾತ್ರೆ

ಇದನ್ನು ಪುಸ್ತಕದಲ್ಲಿ ಓದಬೇಕಾಗಿಲ್ಲ. ನಮ್ಮ ಮನೆಗಳಲ್ಲೇ ನಡೆಯುತ್ತಿರುತ್ತದೆ. ವರಮಹಾಲಕ್ಷ್ಮಿ ಪೂಜೆಗೋ, ಮದುವೆಗೋ, ಧರ್ಮಸ್ಥಳಕ್ಕೆ ಹೊರಟಾಗಲೋ ಮುಟ್ಟು ಮುಂದಕ್ಕೆ ಹಾಕಲು ಎಷ್ಟೋ ಜನ ಮಾತ್ರೆ ತೆಗೆದುಕೊಳ್ಳುತ್ತಾರೆ. ಅದರಲ್ಲಿರುವುದು ಸಾಮಾನ್ಯವಾಗಿ ನಾರ್ಎಥಿಸ್ಟರಾನ್, ಪ್ರೊಜೆಸ್ಟರಾನ್ ಥರ ಕೆಲಸ ಮಾಡುವ ಕೃತಕ ಔಷಧ. ಮುಟ್ಟಿನ ದಿನಕ್ಕೆ ಮೂರು ದಿನ ಮೊದಲು ಶುರು ಮಾಡುತ್ತಾರೆ. ಒಳಗಿನ ಪ್ರೊಜೆಸ್ಟರಾನ್ ಇಳಿದರೂ ಹೊರಗಿನದ್ದು ಪದರವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಾತ್ರೆ ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟು. ಮಾರ್ಕಿ ಕೋತಿಯ ಕಣ್ಣಿನಲ್ಲಿ ನೋಡಿದ್ದು ಇದೇ ತಾನೇ.

ಮೆಡಿಕಲ್ ಶಾಪಿನಲ್ಲಿ ಕೇಳಿದ ಕೂಡಲೇ ವೈದ್ಯರ ಚೀಟಿ ಇಲ್ಲದೆ ಕೊಟ್ಟುಬಿಡುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಈ ಔಷಧದ ಒಂದು ಸಣ್ಣ ಪಾಲು ದೇಹದೊಳಗೆ ಈಸ್ಟ್ರೋಜನ್ ರೂಪಕ್ಕೆ ಬದಲಾಗುತ್ತದೆ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಇತಿಹಾಸ ಇರುವವರಿಗೆ, ತುಂಬಾ ತೂಕ ಇರುವವರಿಗೆ, ಬೀಡಿ ಸಿಗರೇಟಿನ ಅಭ್ಯಾಸ ಇರುವವರಿಗೆ ಅದು ಅಪಾಯ. ಕೇಳುವವರಿಲ್ಲದೆ ಅದು ಗೊತ್ತಾಗುವುದಾದರೂ ಹೇಗೆ?

1975ರ ಪಾಠ

ಈಗ ಆ ಕಪ್ಪು ಚೌಕಟ್ಟಿಗೆ ಬರೋಣ. ಗಬ್ಬದ ಕುದುರೆಗಳ ಮೂತ್ರದಿಂದ ತೆಗೆದ ಈಸ್ಟ್ರೋಜನ್ ಮಾತ್ರೆ ಅಮೆರಿಕದ ಮಾರುಕಟ್ಟೆಗೆ ಬಂದದ್ದು 1942ರಲ್ಲಿ. 60ರ ದಶಕದಲ್ಲಿ ಅದನ್ನು ಯೌವನದ ಮಾತ್ರೆಯ ಹಾಗೆ ಮಾರಿದರು. ಲಕ್ಷಾಂತರ ಹೆಂಗಸರು ವರ್ಷಗಟ್ಟಲೆ ತೆಗೆದುಕೊಂಡರು. ಬರೀ ಈಸ್ಟ್ರೋಜನ್, ಜೊತೆಗೆ ಏನೂ ಇಲ್ಲ. 1975ರ ಡಿಸೆಂಬರ್‌ನಲ್ಲಿ ಅಮೆರಿಕದ ಒಂದು ಪ್ರಮುಖ ವೈದ್ಯಕೀಯ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಅಧ್ಯಯನ ಬಂದವು. ಹೀಗೆ ಮಾತ್ರೆ ತೆಗೆದುಕೊಂಡವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಸಾಧ್ಯತೆ ಒಂದರ ಪ್ರಕಾರ ಸುಮಾರು ನಾಲ್ಕೂವರೆ ಪಟ್ಟು, ಇನ್ನೊಂದರ ಪ್ರಕಾರ ಏಳೂವರೆ ಪಟ್ಟು ಜಾಸ್ತಿ. ಮಾತ್ರೆಯ ಮಾರಾಟ ಕುಸಿಯಿತು. ಅದರ ಹಿಂದೆಯೇ ಅಮೆರಿಕದಲ್ಲಿ ಈ ಕ್ಯಾನ್ಸರ್ ಕೂಡ ಇಳಿಯಿತು. ಕಾರಣ ಪರಿಣಾಮ ಇಷ್ಟು ಬೇಗ, ಇಷ್ಟು ನಿಚ್ಚಳವಾಗಿ ಕಾಣುವುದು ಅಪರೂಪ.

ಪ್ರೊಜೆಸ್ಟರಾನ್ ಸೇರಿಸಿದರೆ ಆಯಿತು ಎಂದು ವೈದ್ಯರು ಬೇಗನೇ ಕಂಡುಕೊಂಡರು. ಎಷ್ಟು ದಿನ ಎಂಬುದು ಮುಂದಿನ ಪ್ರಶ್ನೆ. ತಿಂಗಳಿಗೆ ಏಳು ದಿನ ಕೊಟ್ಟರೆ ಸಾಕಾಗಲಿಲ್ಲ, ಕೆಲವರಲ್ಲಿ ಪದರ ಅತಿಯಾಗಿ ಬೆಳೆದೇ ಇತ್ತು. ಹನ್ನೆರಡು ಹದಿಮೂರು ದಿನ ಕೊಟ್ಟಾಗ ಸರಿಹೋಯಿತು. ಅಂಡಾಶಯದ ಹಳದಿ ಗಂಟು ಎರಡು ವಾರ ಬದುಕುವುದಕ್ಕೂ ಈ ಲೆಕ್ಕಕ್ಕೂ ಇರುವ ಹೋಲಿಕೆ ಕಾಕತಾಳೀಯವಲ್ಲ.

ಅನುಮಾನ ಉಳಿದವರಿಗೆ 1996ರಲ್ಲಿ ಪೆಪಿ ಎಂಬ ಪ್ರಯೋಗದ ಉತ್ತರ ಬಂತು. ಗರ್ಭಕೋಶ ಇರುವ 596 ಹೆಂಗಸರನ್ನು ಗುಂಪುಗಳಾಗಿ ವಿಂಗಡಿಸಿ ಮೂರು ವರ್ಷ ನೋಡಿದರು. ಬರೀ ಈಸ್ಟ್ರೋಜನ್ ಪಡೆದವರಲ್ಲಿ ಶೇ 60ಕ್ಕಿಂತ ಹೆಚ್ಚು ಜನರಿಗೆ ಪದರ ಒಂದಲ್ಲ ಒಂದು ಬಗೆಯಲ್ಲಿ ಅತಿಯಾಗಿ ಬೆಳೆದಿತ್ತು. ಕ್ಯಾನ್ಸರ್‌ಗೆ ತೀರಾ ಹತ್ತಿರದ ಬಗೆ ಶೇ 11.8ರಷ್ಟು ಜನರಲ್ಲಿತ್ತು. ಔಷಧವೇ ಇಲ್ಲದ ಬರೀ ಸಕ್ಕರೆ ಮಾತ್ರೆ ಪಡೆದವರಲ್ಲಿ ಆ ಬಗೆ ಒಬ್ಬರಲ್ಲೂ ಇರಲಿಲ್ಲ. ಪ್ರೊಜೆಸ್ಟರಾನ್ ಜಾತಿಯ ಔಷಧವನ್ನೂ ಸೇರಿಸಿ ಪಡೆದವರು ಸಕ್ಕರೆ ಮಾತ್ರೆಯವರ ಹಾಗೇ ಇದ್ದರು.

ಈಗ ಕೈಬಿಡುತ್ತಿರುವ ಎಚ್ಚರಿಕೆಗಳು ಬಂದದ್ದು 2002ರ ಇನ್ನೊಂದು ಪ್ರಯೋಗದಿಂದ. ಅದರಲ್ಲಿ ಎರಡೂ ಹಾರ್ಮೋನು ಒಟ್ಟಿಗೆ ಪರೀಕ್ಷಿಸಿದ ಭಾಗದಲ್ಲಿ 16,608 ಹೆಂಗಸರಿದ್ದರು. ಸರಾಸರಿ ವಯಸ್ಸು 63. ಮುಟ್ಟು ನಿಂತು ಹತ್ತು ವರ್ಷ ದಾಟಿದ ಅನೇಕರು ಅದರಲ್ಲಿದ್ದರು. ಅವರಲ್ಲಿ ಕಂಡ ಅಪಾಯವನ್ನು ಐವತ್ತರ ಹೆಂಗಸಿಗೂ ಅಂಟಿಸಿದ್ದು ತಪ್ಪಾಯಿತು ಎನ್ನುವ ವಾದದಲ್ಲಿ ಹುರುಳಿದೆ. ರಾತ್ರಿಯೆಲ್ಲ ಮೈ ಬಿಸಿಯೇರಿ ಬೆವರಿ ನಿದ್ದೆಗೆಟ್ಟ ಎಷ್ಟೋ ಹೆಂಗಸರು ಸುಮ್ಮನೆ ಸಹಿಸಿಕೊಂಡರು. ಚೌಕಟ್ಟು ತೆಗೆದದ್ದು ಸರಿಯೇ ಅನ್ನಿಸುತ್ತದೆ. ಆದರೆ ತೆಗೆದ ಸುದ್ದಿ ಹಬ್ಬಿದಷ್ಟು ಉಳಿಸಿದ ಸುದ್ದಿ ಹಬ್ಬಲಿಲ್ಲ. ನನ್ನ ತಕರಾರು ಅದಕ್ಕೆ.

ಆ ಸಾಲಿನಿಂದ ನಮಗೆ ಬೇಕಾದದ್ದು ಒಂದೇ ಪ್ರಶ್ನೆ: ಗರ್ಭಕೋಶ ಇದೆಯೋ, ತೆಗೆಸಿದ್ದಾರೋ? ಇದ್ದರೆ ಈಸ್ಟ್ರೋಜನ್ ಮಾತ್ರೆ, ಜೆಲ್, ಚರ್ಮಕ್ಕೆ ಅಂಟಿಸುವ ಪಟ್ಟಿ ಯಾವುದೇ ಇರಲಿ, ಜೊತೆಗೆ ಪ್ರೊಜೆಸ್ಟರಾನ್ ಬೇಕು. ತೆಗೆಸಿದ್ದರೆ ಸಾಮಾನ್ಯವಾಗಿ ಬೇಡ. ಯೋನಿಯ ಒಣಗುವಿಕೆಗೆ ಹಚ್ಚುವ ಕಡಿಮೆ ಪ್ರಮಾಣದ ಕ್ರೀಮಿನ ವಿಷಯ ಬೇರೆ, ಅದು ರಕ್ತಕ್ಕೆ ಸೇರುವುದು ಅತಿ ಕಮ್ಮಿ. ಆನ್‌ಲೈನ್‌ನಲ್ಲಿ ಮಾರುವ, ಚರ್ಮಕ್ಕೆ ಸವರುವ "ನ್ಯಾಚುರಲ್" ಪ್ರೊಜೆಸ್ಟರಾನ್ ಕ್ರೀಮುಗಳ ಬಗ್ಗೆಯೂ ಹೇಳಬೇಕು. ಪದರವನ್ನು ಕಾಪಾಡುವಷ್ಟು ಔಷಧ ಅವುಗಳಿಂದ ಒಳಗೆ ಹೋಗುತ್ತದೆ ಎಂದು ನಂಬುವಂತಿಲ್ಲ.

ಮಾತ್ರೆ ಇಲ್ಲದೆಯೂ ಒಂಟಿ

ಮಾತ್ರೆ ನುಂಗದವರಲ್ಲೂ ಈಸ್ಟ್ರೋಜನ್ ಒಂಟಿಯಾಗಬಹುದು. ನಮ್ಮ ಕಡೆ ಹೆಚ್ಚು ಚಿಂತೆ ಮಾಡಬೇಕಾದದ್ದು ಇದರ ಬಗ್ಗೆ.

ಮೊದಲನೆಯದು ಪಿಸಿಓಡಿ. ಮೂರು ನಾಲ್ಕು ತಿಂಗಳು ಮುಟ್ಟಾಗದ ಹುಡುಗಿಯ ಮನೆಯಲ್ಲಿ ಮಾತು ನಡೆಯುವುದು ಮೊಡವೆ, ತೂಕ, ಮುಂದೆ ಮಕ್ಕಳಾಗುತ್ತದೋ ಇಲ್ಲವೋ ಎಂಬುದರ ಬಗ್ಗೆ. ಅಷ್ಟು ತಿಂಗಳೂ ಒಳಪದರ ಈಸ್ಟ್ರೋಜನ್ ಒಂದನ್ನೇ ನೋಡುತ್ತಿದೆ ಎಂಬುದು ಯಾರಿಗೂ ಹೊಳೆಯುವುದಿಲ್ಲ. ಅಂಡಾಣು ಬಿಡುಗಡೆ ಇಲ್ಲ, ಹಾಗಾಗಿ ಪ್ರೊಜೆಸ್ಟರಾನ್ ಇಲ್ಲ. 90 ದಿನಕ್ಕೂ ಹೆಚ್ಚು ಕಾಲ ಮುಟ್ಟು ಬಾರದೆ ಹಾಗೇ ಬಿಡುವುದನ್ನು ವೈದ್ಯಕೀಯ ಮಾರ್ಗಸೂಚಿಗಳು ಅಪಾಯದ ಪಟ್ಟಿಯಲ್ಲಿಟ್ಟಿವೆ. ವೈದ್ಯರು ಮುಟ್ಟು ತರಿಸುವ ಮಾತ್ರೆ ಕೊಡುವುದು ಕ್ಯಾಲೆಂಡರ್ ಸರಿಮಾಡಲು ಅಲ್ಲ. ಪದರಕ್ಕೆ ಪ್ರೊಜೆಸ್ಟರಾನ್ ತೋರಿಸಿ, ಬೆಳವಣಿಗೆ ನಿಲ್ಲಿಸಿ, ಉದುರಿಸಲು. "ಇಷ್ಟು ಚಿಕ್ಕ ವಯಸ್ಸಿಗೆ ಹಾರ್ಮೋನ್ ಮಾತ್ರೆ ಯಾಕೆ" ಎಂದು ಅದನ್ನು ಕಸಕ್ಕೆ ಹಾಕುವ ಅಮ್ಮಂದಿರು ಇದನ್ನು ತಿಳಿದುಕೊಂಡರೆ ಒಳ್ಳೆಯದು.

ಎರಡನೆಯದು ತೂಕ. ಕೊಬ್ಬಿನಲ್ಲಿ ಅರೊಮಟೇಸ್ ಎಂಬ ಕಿಣ್ವ ಇದೆ. ಅದು ಗಂಡು ಹಾರ್ಮೋನಿನ ಜಾತಿಯವನ್ನು ಈಸ್ಟ್ರೋಜನ್ ಮಾಡುತ್ತದೆ. ಮುಟ್ಟು ನಿಂತು ಅಂಡಾಶಯ ಸುಮ್ಮನಾದ ಮೇಲೂ ಈ ಕೆಲಸ ನಿಲ್ಲುವುದಿಲ್ಲ. ಆದರೆ ಕೊಬ್ಬಿಗೆ ಪ್ರೊಜೆಸ್ಟರಾನ್ ಮಾಡಲು ಬರುವುದಿಲ್ಲ. ದೇಹತೂಕ ಸೂಚ್ಯಂಕ ಐದು ಅಂಕ ಏರಿದರೆ ಈ ಕ್ಯಾನ್ಸರ್ ಸಾಧ್ಯತೆ ಸುಮಾರು ಒಂದೂವರೆ ಪಟ್ಟಾಗುತ್ತದೆ ಎಂದು 2008ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ದೊಡ್ಡ ವಿಶ್ಲೇಷಣೆ ಹೇಳಿತು. ತೂಕದ ಜೊತೆ ಇಷ್ಟು ಗಟ್ಟಿ ನಂಟಿರುವ ಕ್ಯಾನ್ಸರ್ ಹೆಂಗಸರಲ್ಲಿ ಬೇರೆ ಸಿಗುವುದು ಕಷ್ಟ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಶೇ 30ರಷ್ಟು ಜನ ಅತಿತೂಕದವರು. ಅದರ ಹಿಂದಿನ ಸುತ್ತಿನಲ್ಲಿ ಶೇ 23ರಷ್ಟಿತ್ತು. ಗರ್ಭಕೊರಳಿನ ಕ್ಯಾನ್ಸರ್ ಬಗ್ಗೆ ನಮ್ಮಲ್ಲಿ ಅಷ್ಟಿಷ್ಟು ಮಾತು ಶುರುವಾಗಿದೆ, ಅದಕ್ಕೆ ಲಸಿಕೆಯೂ ಇದೆ. ಗರ್ಭಕೋಶದ ಒಳಪದರದ ಕ್ಯಾನ್ಸರ್ ಬೇರೆ ಕಾಯಿಲೆ, ಅದಕ್ಕೆ ಲಸಿಕೆ ಇಲ್ಲ. ಬೆಂಗಳೂರಿನಂಥ ನಗರದಲ್ಲಿ ಇದು ಏರುವುದಕ್ಕೆ ಬೇಕಾದ ಎಲ್ಲವೂ ಕೂಡಿಬಂದಿದೆ.

ಮೂರನೆಯದು ಮುಟ್ಟು ನಿಲ್ಲುವ ಮೊದಲಿನ ವರ್ಷಗಳು. ನಲವತ್ತರ ನಂತರ ಕೆಲವು ತಿಂಗಳು ಅಂಡಾಣು ಬರುತ್ತದೆ, ಕೆಲವು ತಿಂಗಳು ಬರುವುದಿಲ್ಲ. ಬಾರದ ತಿಂಗಳಲ್ಲಿ ಪದರ ಬೆಳೆದು ಬೆಳೆದು, ಹಿಡಿದಿಡುವವರಿಲ್ಲದೆ ಅಲ್ಲಲ್ಲಿ ಮುರಿದು ಬೀಳುತ್ತದೆ. ಹತ್ತು ಹದಿನೈದು ದಿನ ರಕ್ತ ಹೋಗುತ್ತದೆ. ಇಂಥವರಲ್ಲಿ ಎಷ್ಟೋ ಜನರಿಗೆ ಕೊರತೆಯಿರುವುದು ಪ್ರೊಜೆಸ್ಟರಾನ್. ಸಿಗುವ ಉತ್ತರ ಮಾತ್ರ "ಗರ್ಭಕೋಶ ತೆಗೆಸಿಬಿಡಿ, ಮಕ್ಕಳಾಗಿವೆಯಲ್ಲ, ಇನ್ನೇನು ಉಪಯೋಗ".

ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಹೀಗೆ ಚಿಕ್ಕ ವಯಸ್ಸಿನ ಹೆಂಗಸರ ಗರ್ಭಕೋಶಗಳನ್ನು ಸಾಲುಸಾಲಾಗಿ ತೆಗೆದ ವಿಷಯ ಹೊರಬಿದ್ದು, ಹೆಂಗಸರು ಬೀದಿಗಿಳಿದು ಹೋರಾಡಿದ್ದು ಮರೆಯುವಂಥದ್ದಲ್ಲ. ದೇಶದ ಬೇರೆ ಕಡೆಗಳಿಂದಲೂ ಇಂಥವೇ ದೂರು ಬಂದವು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಗಳನ್ನು ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದು ಎಲ್ಲ ರಾಜ್ಯಗಳಿಗೆ ಹೇಳಿತು. ಶಸ್ತ್ರಚಿಕಿತ್ಸೆ ಎಂದೂ ಬೇಡ ಎಂದಲ್ಲ. ದೊಡ್ಡ ಗಡ್ಡೆ ಇದ್ದರೆ, ಕ್ಯಾನ್ಸರ್ ಇದ್ದರೆ, ಬೇರೆ ಯಾವುದಕ್ಕೂ ಬಗ್ಗದ ರಕ್ತಸ್ರಾವ ಇದ್ದರೆ ಬೇಕು. ಆದರೆ ಪ್ರೊಜೆಸ್ಟರಾನ್ ಜಾತಿಯ ಔಷಧವನ್ನು ನೇರ ಗರ್ಭಕೋಶದೊಳಗೇ ದಿನಕ್ಕೆ ಸುಮಾರು 20 ಮೈಕ್ರೋಗ್ರಾಂನಷ್ಟು ಬಿಡುವ ಪುಟ್ಟ ಸಾಧನ ಮೂವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಜಗತ್ತಿನಲ್ಲಿದೆ. ಕಾಪರ್-ಟಿ ಹಾಕಿದ ಹಾಗೇ ಹಾಕುತ್ತಾರೆ. ಅದರ ಹೆಸರನ್ನೂ ಕೇಳದೆ ಆಪರೇಷನ್ ಟೇಬಲ್ಲಿಗೆ ಹೋಗುವವರು ಇದ್ದಾರಲ್ಲ, ಅದು ಅನ್ಯಾಯ.

ಸ್ಕ್ಯಾನಿಂಗ್ ವರದಿಯ ಬಗ್ಗೆ ಒಂದು ಮಾತು. "ಲೈನಿಂಗ್ 12 ಮಿಲಿಮೀಟರ್ ದಪ್ಪ ಇದೆ" ಎಂದು ಬರೆದದ್ದನ್ನು ನೋಡಿ ಗಾಬರಿಯಾಗುವವರಿದ್ದಾರೆ. ಮೂವತ್ತರ ಹೆಂಗಸಿಗೆ ಮುಟ್ಟು ಶುರುವಾಗಿ ಇಪ್ಪತ್ತೆರಡನೇ ದಿನ ಅಷ್ಟಿರುವುದು ಸಹಜ. ಮುಟ್ಟು ನಿಂತವರಿಗೆ ಮತ್ತೆ ರಕ್ತ ಕಂಡು, ಪದರ 4 ಮಿಲಿಮೀಟರ್‌ಗಿಂತ ದಪ್ಪ ಇದ್ದರೆ ಬಯಾಪ್ಸಿ, ಅಂದರೆ ಪದರದ ಚೂರು ತೆಗೆದು ಪರೀಕ್ಷೆ, ಬೇಕು. ಮುಟ್ಟು ನಿಂತ ಮೇಲೆ ರಕ್ತ ಕಂಡವರೆಲ್ಲರಿಗೂ ಕ್ಯಾನ್ಸರ್ ಇರುವುದಿಲ್ಲ, ಹತ್ತು ಜನರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಇರುತ್ತದೆ. ಆದರೆ ಈ ಕ್ಯಾನ್ಸರ್ ಬಂದವರಲ್ಲಿ ಹತ್ತಕ್ಕೆ ಒಂಬತ್ತು ಜನರಿಗೆ ರಕ್ತ ಕಂಡಿರುತ್ತದೆ. ಒಂದೇ ಒಂದು ಹನಿ ಆದರೂ, "ಉಷ್ಣ ಆಗಿದೆ" ಎಂದು ಎಳನೀರು ಕುಡಿದು ಕಾಯಬಾರದು.

ಅದೇ ಔಷಧ, ಎದೆಗೆ ಒಂದು, ಗರ್ಭಕೋಶಕ್ಕೆ ಇನ್ನೊಂದು

ಸ್ತನ ಕ್ಯಾನ್ಸರ್‌ಗೆ ಕೊಡುವ ಟ್ಯಾಮೊಕ್ಸಿಫೆನ್ ಇಲ್ಲಿ ವಿಚಿತ್ರ. ಎದೆಯಲ್ಲಿ ಈಸ್ಟ್ರೋಜನ್‌ಗೆ ಅಡ್ಡ ನಿಲ್ಲುತ್ತದೆ, ಗರ್ಭಕೋಶದಲ್ಲಿ ಈಸ್ಟ್ರೋಜನ್ ಥರವೇ ನಡೆದುಕೊಳ್ಳುತ್ತದೆ. 1998ರ ಅಮೆರಿಕದ ದೊಡ್ಡ ಪ್ರಯೋಗದಲ್ಲಿ ಅದನ್ನು ಪಡೆದವರಿಗೆ ಒಳಪದರದ ಕ್ಯಾನ್ಸರ್ ಎರಡೂವರೆ ಪಟ್ಟು ಜಾಸ್ತಿ ಕಂಡಿತು. ಹಾಗೆಂದು ಮಾತ್ರೆ ನಿಲ್ಲಿಸಬಾರದು. ಅದು ಉಳಿಸುವ ಜೀವಗಳ ಲೆಕ್ಕವೇ ದೊಡ್ಡದು. ರಕ್ತ ಕಂಡರೆ ಹೇಳಬೇಕು, ಅಷ್ಟೇ.

ಗರ್ಭನಿರೋಧಕ ಮಾತ್ರೆಯ ಕಥೆ ಇದರ ಉಲ್ಟಾ. ಅದರಲ್ಲಿ ಎರಡೂ ಹಾರ್ಮೋನು ಇವೆ, ತಿಂಗಳಿಗೆ ಮೂರು ವಾರ ಪ್ರೊಜೆಸ್ಟರಾನ್ ಜಾತಿಯದು ಇದ್ದೇ ಇರುತ್ತದೆ. 2015ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಕಲೆಹಾಕಿ ನೋಡಿದಾಗ, ಐದು ವರ್ಷ ತೆಗೆದುಕೊಂಡರೆ ಈ ಕ್ಯಾನ್ಸರ್ ಸಾಧ್ಯತೆ ಸುಮಾರು ಕಾಲು ಭಾಗ ಇಳಿಯುತ್ತದೆ ಎಂದು ಕಂಡಿತು. ಮಾತ್ರೆ ಬಿಟ್ಟು ಮೂವತ್ತು ವರ್ಷದ ಮೇಲೂ ಆ ರಕ್ಷಣೆ ಉಳಿದಿತ್ತು. "ಹಾರ್ಮೋನ್ ಮಾತ್ರೆ ತಿಂದರೆ ಕ್ಯಾನ್ಸರ್ ಬರುತ್ತದೆ" ಎಂದು ಒಂದೇ ಉಸಿರಲ್ಲಿ ಹೇಳುವವರು ಯಾವ ಹಾರ್ಮೋನು, ಯಾವ ಅಂಗ, ಜೊತೆಗೆ ಯಾವುದಿತ್ತು ಎಂದು ಕೇಳಿಕೊಳ್ಳುವುದಿಲ್ಲ.

ಮೂವತ್ತು ವರ್ಷ ಉಳಿಯುವ ರಕ್ಷಣೆ ಎಲ್ಲಿಂದ ಬರುತ್ತದೆ? 2020ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಆರೋಗ್ಯವಂತ ಒಳಪದರದ ಒಂದೊಂದು ಗ್ರಂಥಿಯನ್ನೂ ಬಿಡಿಸಿ ಡಿಎನ್‌ಎ ಓದಿದರು. ಕ್ಯಾನ್ಸರ್‌ನಲ್ಲಿ ಕಾಣುವಂಥ ಜೀನ್ ಬದಲಾವಣೆಗಳು ಕಾಯಿಲೆಯೇ ಇಲ್ಲದವರ ಅನೇಕ ಗ್ರಂಥಿಗಳಲ್ಲಿ ಸಿಕ್ಕವು. ಇಷ್ಟು ಸಲ ಬೆಳೆದು ಉದುರುವ ಪದರದಲ್ಲಿ ನಕಲು ತಪ್ಪುಗಳು ಸೇರಿಕೊಳ್ಳುವುದು ಆಶ್ಚರ್ಯವಲ್ಲ. ತಪ್ಪು ಹೊತ್ತ ಗ್ರಂಥಿಗಳು ಬಹುಪಾಲು ಹೆಂಗಸರಲ್ಲಿ ಸುಮ್ಮನೆ ಇರುತ್ತವೆ. ಇದನ್ನು ಓದಿದಾಗ ನನಗೆ ತೋಚಿದ್ದು: ಪ್ರೊಜೆಸ್ಟರಾನ್ ಹೊಸ ತಪ್ಪುಗಳನ್ನು ಕಮ್ಮಿ ಮಾಡುವುದರ ಜೊತೆಗೆ, ಇರುವ ತಪ್ಪುಗಳು ತಲೆ ಎತ್ತದಂತೆಯೂ ನೋಡಿಕೊಳ್ಳುತ್ತಿರಬೇಕು. ಪೂರ್ತಿ ಉತ್ತರ ಇನ್ನೂ ಬಂದಿಲ್ಲ.

ಆ ಉತ್ತರಕ್ಕೆ ಕಾಯುತ್ತಿರುವವರು ಯಾರೆಂದರೆ ಮಕ್ಕಳು ಬೇಕೆನ್ನುವ ಯುವತಿಯರು. ಪಿಸಿಓಡಿ ಮತ್ತು ತೂಕದಿಂದಾಗಿ ಮೂವತ್ತರ ಆಸುಪಾಸಿನಲ್ಲೇ ಪದರ ಕೆಡುತ್ತಿರುವವರು. ಇವರಿಗೆ ಗರ್ಭಕೋಶ ತೆಗೆಯದೆ ಪ್ರೊಜೆಸ್ಟರಾನ್ ಒಂದರಿಂದಲೇ ಚಿಕಿತ್ಸೆ ಕೊಡಬಹುದೇ? ಆಸ್ಟ್ರೇಲಿಯಾದಲ್ಲಿ 165 ಹೆಂಗಸರ ಮೇಲೆ ನಡೆದ ಪ್ರಯೋಗವೊಂದರ ಫಲಿತಾಂಶ 2021ರಲ್ಲಿ ಬಂತು. ಎಲ್ಲರಿಗೂ ಔಷಧ ಬಿಡುವ ಆ ಪುಟ್ಟ ಸಾಧನವನ್ನೇ ಹಾಕಿದ್ದರು. ಕೆಲವರಿಗೆ ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ, ಕೆಲವರಿಗೆ ತೂಕ ಇಳಿಸುವ ಕಾರ್ಯಕ್ರಮ ಜೊತೆಗಿತ್ತು. ಆರು ತಿಂಗಳಿಗೆ, ಕ್ಯಾನ್ಸರ್‌ನ ಹಿಂದಿನ ಹಂತದಲ್ಲಿದ್ದವರಲ್ಲಿ ಶೇ 82ರಷ್ಟು ಜನರ ಪದರ ಪೂರ್ತಿ ಸರಿಹೋಗಿತ್ತು. ಆರಂಭದ ಕ್ಯಾನ್ಸರ್ ಇದ್ದವರಲ್ಲಿ ಶೇ 43ರಷ್ಟು ಜನರದ್ದು.

82ಕ್ಕೂ 43ಕ್ಕೂ ಇರುವ ಅಂತರದಲ್ಲಿ ಸ್ಟ್ರೋಮಾದ ಪಾಲು ಎಷ್ಟು ಎಂದು ಈಗ ಹುಡುಕುತ್ತಿದ್ದಾರೆ. ಆಜ್ಞೆ ಕೇಳುವ ಕೋಶಗಳೇ ಕಿವುಡಾದರೆ, ಹ್ಯಾಂಡ್-2ನಂಥ ಜೀನ್‌ಗಳು ಮುಚ್ಚಿಹೋಗಿದ್ದರೆ, ಎಷ್ಟು ಪ್ರೊಜೆಸ್ಟರಾನ್ ಸುರಿದರೂ ಹೊದಿಕೆಗೆ ಮಾತು ತಲುಪುವುದಿಲ್ಲ. ಯಾರಿಗೆ ತಲುಪುತ್ತದೆ, ಯಾರಿಗೆ ಇಲ್ಲ ಎಂದು ಚಿಕಿತ್ಸೆಗೆ ಮೊದಲೇ ಹೇಳುವ ನಂಬಿಕಸ್ತ ಪರೀಕ್ಷೆ ಇನ್ನೂ ಬಳಕೆಗೆ ಬಂದಿಲ್ಲ. ಅಲ್ಲಿಯವರೆಗೆ ಈ ದಾರಿ ಹಿಡಿದವರು ಮೂರರಿಂದ ಆರು ತಿಂಗಳಿಗೊಮ್ಮೆ ಬಯಾಪ್ಸಿ ಮಾಡಿಸಿಕೊಳ್ಳುತ್ತಲೇ ಇರಬೇಕು.